ಬರೀ ಸಿಸಿ ಕೇಳಿದರೆ ಸಾಲದು

ಹೊಸ ಬೈಕ್ ಬಂತು ಅಂದರೆ ಗೆಳೆಯರು ಕೇಳುವುದು ‘ಎಷ್ಟು ಸಿಸಿ?’, ಮನೆಯಲ್ಲಿ ಕೇಳುವುದು ‘ಎಷ್ಟು ಕೊಡುತ್ತೆ?’. ಸಿಸಿ ಅಂದರೆ ಎಂಜಿನ್ನಿನ ಸಿಲಿಂಡರಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಓಡುವ ಜಾಗದ ಅಳತೆ. ಎರಡೂ ಬೇಕಾದ ಪ್ರಶ್ನೆಗಳೇ. ಆದರೆ ಅದು ಎಂಥ ಬೈಕ್ ಅನ್ನುವುದು ಇವೆರಡರಿಂದಲೂ ತಿಳಿಯುವುದಿಲ್ಲ.

ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 349 ಸಿಸಿ. ಕೆಟಿಎಂ 390 ಡ್ಯೂಕ್‌ನ ಹಳೇ ಮಾಡೆಲ್ 373 ಸಿಸಿ. ದೊಡ್ಡ ವ್ಯತ್ಯಾಸವೇನಿಲ್ಲ. ಎರಡಕ್ಕೂ ಒಂದೊಂದೇ ಸಿಲಿಂಡರ್. ಆದರೂ ಕ್ಲಾಸಿಕ್ ಕೊಡುವುದು ಸುಮಾರು 20 ಅಶ್ವಶಕ್ತಿ, ಡ್ಯೂಕ್ ಕೊಡುವುದು 43. ಯಾಕೆ ಹೀಗೆ?

ಸಿಲಿಂಡರಿನ ಆಕಾರ ನೋಡಿ. ಕ್ಲಾಸಿಕ್‌ನ ಸಿಲಿಂಡರ್ 72 ಮಿ.ಮೀ. ಅಗಲ. ಅದರೊಳಗೆ ಪಿಸ್ಟನ್ 85.8 ಮಿ.ಮೀ. ಮೇಲೆ ಕೆಳಗೆ ಓಡುತ್ತದೆ. ಡ್ಯೂಕ್‌ದು 89 ಮಿ.ಮೀ. ಅಗಲ, ಪಿಸ್ಟನ್ ಓಡುವುದು ಬರೀ 60 ಮಿ.ಮೀ. ಒಂದು ಉದ್ದ, ಇನ್ನೊಂದು ಗಿಡ್ಡ. ಪಿಸ್ಟನ್ ಎಷ್ಟು ವೇಗವಾಗಿ ಓಡಬಹುದು ಅನ್ನುವುದಕ್ಕೆ ಒಂದು ಮಿತಿ ಇದೆ. ಮೀರಿದರೆ ಲೋಹ ತಡೆಯುವುದಿಲ್ಲ. ಕ್ಲಾಸಿಕ್ ತನ್ನ ಗರಿಷ್ಠ ಶಕ್ತಿ ಕೊಡುವುದು 6,100 ಆರ್‌ಪಿಎಂನಲ್ಲಿ (ಅಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ), ಡ್ಯೂಕ್ 9,000ದಲ್ಲಿ. ಈಗ ಲೆಕ್ಕ ಹಾಕಿ: ಕ್ಲಾಸಿಕ್‌ನ ಪಿಸ್ಟನ್ ಆಗ ಸೆಕೆಂಡಿಗೆ ಸರಾಸರಿ 17.4 ಮೀಟರ್ ಓಡುತ್ತಿರುತ್ತದೆ, ಡ್ಯೂಕ್‌ದು 18 ಮೀಟರ್. ಹೆಚ್ಚುಕಮ್ಮಿ ಒಂದೇ! ಪಿಸ್ಟನ್ ಪಡುವ ಪಾಡು ಎರಡರಲ್ಲೂ ಅಷ್ಟೇ. ಆದರೆ ಗಿಡ್ಡ ಓಟದ ಪಿಸ್ಟನ್ ಅಷ್ಟೇ ಹೊತ್ತಿನಲ್ಲಿ ಜಾಸ್ತಿ ಸುತ್ತು ಮುಗಿಸುತ್ತದೆ. ಸುತ್ತು ಹೆಚ್ಚಿದಷ್ಟೂ ಶಕ್ತಿ ಹೆಚ್ಚು. ಡ್ಯೂಕ್‌ನ ನಾಲ್ಕು ವಾಲ್ವ್‌ಗಳೂ (ಗಾಳಿ ಒಳಬರುವ, ಹೊಗೆ ಹೊರಹೋಗುವ ಬಾಗಿಲುಗಳು) ಹೆಚ್ಚಿನ ಕಂಪ್ರೆಷನ್ನೂ (ಉರಿಸುವ ಮೊದಲು ಗಾಳಿ-ಪೆಟ್ರೋಲನ್ನು ಒತ್ತುವ ಪ್ರಮಾಣ) ಇದಕ್ಕೆ ಕೈಜೋಡಿಸುತ್ತವೆ.

ಬುಲೆಟ್ ಅಭಿಮಾನಿಗಳು ಬೇಜಾರು ಮಾಡಿಕೊಳ್ಳಬೇಕಿಲ್ಲ. ಉದ್ದ ಓಟದ ಎಂಜಿನ್ನಿಗೂ ಅದರದೇ ಸುಖ ಇದೆ. ಅದು 4,000 ಆರ್‌ಪಿಎಂನಲ್ಲೇ ತನ್ನ ಪೂರ್ತಿ ಎಳೆತ ಕೊಡುತ್ತದೆ. ಹಿಂದೆ ಒಬ್ಬರನ್ನು ಕೂರಿಸಿಕೊಂಡು, ಲಗೇಜ್ ಕಟ್ಟಿಕೊಂಡು ಚಾರ್ಮಾಡಿ ಹತ್ತುವಾಗ ಪದೇಪದೇ ಗೇರ್ ಇಳಿಸುವ ತಾಪತ್ರಯ ಕಡಿಮೆ.

ಅಪ್ಪಂದಿರು ಯಮಹಾ ಆರ್‌ಎಕ್ಸ್ 100 ಬಗ್ಗೆ ಕಣ್ಣರಳಿಸಿ ಮಾತಾಡುವುದಕ್ಕೂ ಕಾರಣ ಇಲ್ಲೇ ಇದೆ. ಅದು ಟೂ ಸ್ಟ್ರೋಕ್ ಎಂಜಿನ್, ಪ್ರತಿ ಸುತ್ತಿಗೂ ಒಂದು ಸಲ ಪೆಟ್ರೋಲ್ ಉರಿಸುತ್ತದೆ. ಫೋರ್ ಸ್ಟ್ರೋಕ್ ಎರಡು ಸುತ್ತಿಗೆ ಒಮ್ಮೆ ಉರಿಸುತ್ತದೆ. ಹಾಗಾಗಿ 98 ಸಿಸಿಯಲ್ಲೇ 11 ಅಶ್ವಶಕ್ತಿ ಸಿಗುತ್ತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿಗಳೂ ಇದೇ ಜಾತಿ. ಅವುಗಳಲ್ಲಿ ಕಿಕ್ ಹೊಡೆಯುವ ಲಿವರನ್ನೇ ಮುಂದಕ್ಕೆ ತಿರುಗಿಸಿದರೆ ಗೇರ್ ಲಿವರ್! ತೊಂದರೆ ಏನೆಂದರೆ, ಟೂ ಸ್ಟ್ರೋಕ್‌ನಲ್ಲಿ ಒಂದಿಷ್ಟು ಪೆಟ್ರೋಲ್ ಉರಿಯದೆಯೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತದೆ. ಜೊತೆಗೆ ಆಯಿಲ್ ಹೊಗೆ ಬೇರೆ. ಮಾಲಿನ್ಯದ ನಿಯಮ ಬಿಗಿಯಾದ ಹಾಗೆ ಅವು ಮೂಲೆ ಸೇರಿದವು. ಬೆಂಗಳೂರಿನಲ್ಲಿ ತಯಾರಾಗುವ ಅಲ್ಟ್ರಾವಯಲೆಟ್ ಎಫ್77ನಂಥ ಎಲೆಕ್ಟ್ರಿಕ್ ಬೈಕಿಗಂತೂ ಸಿಸಿಯೇ ಇಲ್ಲ, ಕ್ಲಚ್ಚೂ ಇಲ್ಲ. ಮೋಟರ್ ನಿಂತಲ್ಲಿಂದಲೇ ಪೂರ್ತಿ ಎಳೆಯುತ್ತದೆ.

ಎಂಜಿನ್ ಅರ್ಧ ಕಥೆ. ಇನ್ನರ್ಧ ಚೌಕಟ್ಟಿನಲ್ಲಿದೆ. ಬೈಕನ್ನು ಪಕ್ಕದಿಂದ ನೋಡಿ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ನೆಟ್ಟಗಿರುವುದಿಲ್ಲ, ಓರೆಯಾಗಿರುತ್ತದೆ. ಹ್ಯಾಂಡಲ್ ತಿರುಗುವ ಆ ಓರೆ ಗೆರೆಯನ್ನು ನೆಲದವರೆಗೆ ಎಳೆದರೆ, ಟಯರ್ ನೆಲ ಮುಟ್ಟುವ ಜಾಗಕ್ಕಿಂತ ಸ್ವಲ್ಪ ಮುಂದೆ ಹೋಗಿ ಸೇರುತ್ತದೆ. ಈ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ. ಸೂಪರ್ ಮಾರ್ಕೆಟ್ ಟ್ರಾಲಿಯ ಚಕ್ರ ತಳ್ಳಿದ ಕಡೆಗೆ ತಾನೇ ನೆಟ್ಟಗಾಗುತ್ತದಲ್ವಾ, ಹಾಗೆಯೇ ಬೈಕಿನ ಮುಂದಿನ ಚಕ್ರವೂ. ಟ್ರೇಲ್ ಜಾಸ್ತಿ ಇದ್ದರೆ ಬೈಕ್ ನೆಟ್ಟಗೆ ಹೋಗುತ್ತದೆ, ತಿರುಗಲು ಮೊಂಡು ಮಾಡುತ್ತದೆ.

ಹಾಯಾಗಿ ಕೂತು ದೂರ ಹೋಗುವ ಕ್ರೂಸರ್‌ ಬೈಕ್‌ಗಳ ಫೋರ್ಕ್ ತುಂಬಾ ಓರೆ, ಚಕ್ರಗಳ ನಡುವೆ ಅಂತರವೂ ಹೆಚ್ಚು. ಬಜಾಜ್ ಅವೆಂಜರ್‌ನಲ್ಲಿ ಆ ಅಂತರ 1,490 ಮಿ.ಮೀ., ಸ್ಪ್ಲೆಂಡರ್‌ನಲ್ಲಿ 1,236. ಒಂದು ಗೇಣಿಗಿಂತ ಜಾಸ್ತಿ ವ್ಯತ್ಯಾಸ. ಹೈವೇಯಲ್ಲಿ ಅವೆಂಜರ್ ಹಾಯಾಗಿ ಸಾಗುತ್ತದೆ, ಚಿಕ್ಕಪೇಟೆಯ ಗಲ್ಲಿಯಲ್ಲಿ ಸ್ಪ್ಲೆಂಡರ್ ಮುಂದೆ ಅದರ ಆಟ ನಡೆಯುವುದಿಲ್ಲ. ಸ್ಪೋರ್ಟ್ಸ್ ಬೈಕಿನ ಫೋರ್ಕ್ ಹೆಚ್ಚು ನೆಟ್ಟಗಿರುತ್ತದೆ, ತಿರುವಿನಲ್ಲಿ ಚುರುಕು. ಆದರೆ ಮುಂದಕ್ಕೆ ಬಗ್ಗಿ ಕೂರಬೇಕು. ವೇಗದಲ್ಲಿ ಎದುರುಗಾಳಿ ಕಡಿಮೆ ಹೊಡೆಯಲಿ ಅಂತ ಆ ಭಂಗಿ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವವರಿಗೆ ಸುಮ್ನೆ ಮಣಿಕಟ್ಟು ನೋವು.

ಎಕ್ಸ್‌ಪಲ್ಸ್, ಹಿಮಾಲಯನ್‌ನಂಥ ಅಡ್ವೆಂಚರ್ ಬೈಕ್‌ಗಳ ಮುಂದಿನ ಚಕ್ರ 21 ಇಂಚು. ಚಕ್ರ ದೊಡ್ಡದಾದಷ್ಟೂ ಗುಂಡಿಯೊಳಗೆ ಇಳಿಯುವುದು ಕಡಿಮೆ, ಕಲ್ಲನ್ನು ಹತ್ತಿ ದಾಟುವುದು ಸುಲಭ. ಸಸ್ಪೆನ್ಷನ್ ಉದ್ದ ಇರಬೇಕು, ಹೊಟ್ಟೆ ನೆಲಕ್ಕೆ ತಗುಲಬಾರದು. ಹಾಗಾಗಿ ಸೀಟೂ ಮೇಲೇರುತ್ತದೆ. ಎಕ್ಸ್‌ಪಲ್ಸ್ 200ರ ಸೀಟು ಸುಮಾರು 825 ಮಿ.ಮೀ. ಎತ್ತರ. ಕುಳ್ಳಗಿರುವವರಿಗೆ ಕಾಲ ತುದಿ ಮಾತ್ರ ಎಟುಕುತ್ತದೆ.

ಅದಕ್ಕೇ ಶೋರೂಮಿಗೆ ಹೋದಾಗ ಸೆಲ್ಫಿಗಿಂತ ಮೊದಲು ಒಂದು ಕೆಲಸ ಮಾಡಿ. ಸ್ಟ್ಯಾಂಡ್ ತೆಗೆದು, ಎರಡೂ ಕಾಲು ಊರಿ, ಎಂಜಿನ್ ಆಫ್ ಇರುವಾಗಲೇ ಬೈಕನ್ನು ಹತ್ತು ಹೆಜ್ಜೆ ಹಿಂದಕ್ಕೆ ತಳ್ಳಿ ನೋಡಿ. ಕ್ಲಾಸಿಕ್ 195 ಕೆ.ಜಿ., ಸ್ಪ್ಲೆಂಡರ್ ಅದಕ್ಕಿಂತ 80 ಕೆ.ಜಿ.ಯಷ್ಟು ಹಗುರ. ಸಂಜೆ ಮನೆ ಮುಂದಿನ ಇಳಿಜಾರಿನಲ್ಲಿ ಪಾರ್ಕ್ ಮಾಡಬೇಕಾದವರು ನೀವೇ ತಾನೇ?