ಮಾತ್ರೆ ಬಿಟ್ಟರೆ ತಲೆ ಸುತ್ತುತ್ತೆ, ಹಾಗಾದರೆ ಚಟ ಆಗಿದೆಯಾ?

ಪ್ರಶ್ನೆ: ಖಿನ್ನತೆಗೆ ಐದು ತಿಂಗಳಿಂದ ಎಸಿಟಲೋಪ್ರಾಮ್ 10 ಮಿಲಿಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಈಗ ಆರಾಮಾಗಿದ್ದೇನೆ. ಮೊನ್ನೆ ಊರಿಗೆ ಹೋದಾಗ ಮೂರು ದಿನ ಮಾತ್ರೆ ತಪ್ಪಿತು. ತಲೆ ಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ. ಇದು ಚಟ ಅಲ್ವಾ? ಒಂದೇ ಸಲಕ್ಕೆ ಬಿಟ್ಟುಬಿಡಲಾ?

ಉತ್ತರ: ಒಂದೇ ಸಲಕ್ಕೆ ಬಿಡಬೇಡಿ. ತಪ್ಪಿದ ಮೂರು ಮಾತ್ರೆಯನ್ನು ಒಟ್ಟಿಗೆ ನುಂಗಲೂ ಬೇಡಿ. ಡಾಕ್ಟರಿಗೆ ಒಂದು ಫೋನ್ ಮಾಡಿ.

ಆ ಕರೆಂಟ್ ನಿಮ್ಮ ಭ್ರಮೆ ಅಲ್ಲ. ಬ್ರೇನ್ ಜ್ಯಾಪ್ ಅಂತ ಅದಕ್ಕೆ ಹೆಸರೇ ಇದೆ. ಮೆದುಳಿನ ನರಕೋಶಗಳು ಸಿರೊಟೋನಿನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು, ಮತ್ತೆ ಒಳಗೆ ಎಳೆದುಕೊಳ್ಳುತ್ತವೆ. ಈ ಮಾತ್ರೆ ಆ ಎಳೆತವನ್ನು ತಡೆಯುತ್ತದೆ. ವಾರಗಳು ಕಳೆದಂತೆ ಮೆದುಳು ಅದಕ್ಕೆ ಹೊಂದಿಕೊಳ್ಳುತ್ತದೆ. ತಟ್ಟನೆ ಮಾತ್ರೆ ನಿಂತರೆ ಅದು ತಡವರಿಸುತ್ತದೆ, ಅಷ್ಟೇ. ಖಿನ್ನತೆಯ ಬೇರೆ ಮಾತ್ರೆಗಳಲ್ಲಿ ಪರಾಕ್ಸೆಟಿನ್, ವೆನ್ಲಾಫ್ಯಾಕ್ಸಿನ್ ಮೈಯಿಂದ ಬೇಗ ಹೋಗುವುದರಿಂದ ಕಾಟ ಜಾಸ್ತಿ. ಫ್ಲೂಆಕ್ಸೆಟಿನ್ ವಾರಗಟ್ಟಲೆ ಉಳಿಯುತ್ತದೆ, ಕಾಟ ಕಡಿಮೆ.

ಚಟ ಅಂದರೆ ಬೇರೆ. ಮನಸ್ಸು ಅದಕ್ಕಾಗಿ ಹಾತೊರೆಯಬೇಕು, ದಿನೇದಿನೇ ಜಾಸ್ತಿ ಬೇಕೆನಿಸಬೇಕು. ಎಸಿಟಲೋಪ್ರಾಮ್‌ನಲ್ಲಿ ಅದಿಲ್ಲ. ಹಾಗಂತ ಬಿಡುವಾಗಿನ ಕಷ್ಟ ಸಣ್ಣದು ಎನ್ನುವುದನ್ನೂ ನಾನು ಒಪ್ಪುವುದಿಲ್ಲ. ‘ಒಂದೆರಡು ವಾರ, ತಾನಾಗಿ ಹೋಗುತ್ತೆ’ ಅಂತಲೇ ಬಹಳ ಕಾಲ ಹೇಳಲಾಗುತ್ತಿತ್ತು. ಕೆಲವರಿಗೆ ಇದು ಜೋರಾಗಿ, ತಿಂಗಳುಗಟ್ಟಲೆ ಇರಬಹುದು ಎಂದು ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜು ಒಪ್ಪಿಕೊಂಡಿದ್ದು 2019ರಲ್ಲಿ.

ನಿಮ್ಮ ಚೀಟಿಯನ್ನು ಇನ್ನೊಮ್ಮೆ ನೋಡಿ. ರಾತ್ರಿಗೆ ಅಂತ ಕ್ಲೊನಾಜೆಪಾಮ್ ಇದೆಯಾ? ಖಿನ್ನತೆಯ ಮಾತ್ರೆ ಕೆಲಸ ತೋರಿಸಲು ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಗಾಬರಿ, ನಿದ್ದೆಗೇಡು ತಡೆಯಲು ಕ್ಲೊನಾಜೆಪಾಮ್ ಕೊಡುವುದುಂಟು. ಎಷ್ಟೋ ಸಲ ಎರಡೂ ಒಂದೇ ಮಾತ್ರೆಯೊಳಗೆ ಇರುತ್ತವೆ. ಅಭ್ಯಾಸ ಆಗುವುದು ಈ ಕ್ಲೊನಾಜೆಪಾಮ್. ‘ತಲೆ ಮಾತ್ರೆ ಹಿಡಿದರೆ ಬಿಡಲ್ಲ’ ಎಂಬ ಮಾತು ಹುಟ್ಟಿದ್ದೂ ಬಹುಶಃ ಇದರಿಂದಲೇ, ಬೈಗುಳ ಮಾತ್ರ ಪಕ್ಕದ ಖಿನ್ನತೆಯ ಮಾತ್ರೆಗೆ. ಇದನ್ನೂ ತಟ್ಟನೆ ನಿಲ್ಲಿಸಬಾರದು, ಫಿಟ್ಸ್ ಬರಬಹುದು.

ಹಾಗಾದರೆ ಬಿಡುವುದು ಯಾವಾಗ? ಐದು ತಿಂಗಳನ್ನು ಎಲ್ಲಿಂದ ಎಣಿಸಿದಿರಿ? ಮೊದಲ ಮಾತ್ರೆಯಿಂದಲ್ಲ, ಪೂರ್ತಿ ಹುಷಾರಾದ ದಿನದಿಂದ ಎಣಿಸಬೇಕು. ಅಲ್ಲಿಂದ ಕನಿಷ್ಠ ಆರು ತಿಂಗಳು. ಖಿನ್ನತೆ ಮತ್ತೆ ಮತ್ತೆ ಬಂದವರಿಗೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ಬೇಗ ಬಿಟ್ಟರೆ ಕಾಯಿಲೆ ಮರುಕಳಿಸುವುದು ಜಾಸ್ತಿ.

ಬಿಡುವಾಗ ದಿನ ಬಿಟ್ಟು ದಿನ ನುಂಗುವ ಉಪಾಯ ಬೇಡ. ಒಂದು ದಿನ ಏರಿ, ಒಂದು ದಿನ ಇಳಿದು, ಮೊನ್ನೆಯ ಕಥೆಯೇ ಮತ್ತೆ. ದಿನದ ಪ್ರಮಾಣವನ್ನೇ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು, ಒಂದೊಂದರಲ್ಲೂ ಕೆಲವು ವಾರ ನಿಲ್ಲಬೇಕು. ಕೊನೆಯ ಮೆಟ್ಟಿಲೇ ಕಷ್ಟ: 20 ಮಿಲಿಗ್ರಾಂನಿಂದ 15ಕ್ಕೆ ಇಳಿದಾಗ ಗೊತ್ತೇ ಆಗದವರಿಗೂ 5ರಿಂದ ಸೊನ್ನೆಗೆ ಇಳಿದಾಗ ಗೊತ್ತಾಗುತ್ತದೆ. ಅಲ್ಲಿ ಅವಸರ ಮಾಡಬೇಡಿ.

ಇಳಿಸುವಾಗ ತೊಂದರೆಯಾದರೆ ಅದು ಬಿಟ್ಟಿದ್ದರ ಕಾಟವೋ, ಕಾಯಿಲೆಯೋ? ಕಾಟ ಕೆಲವೇ ದಿನಗಳಲ್ಲಿ ಶುರುವಾಗುತ್ತದೆ, ಮಾತ್ರೆ ಮತ್ತೆ ತೆಗೆದುಕೊಂಡರೆ ಬೇಗ ತಗ್ಗುತ್ತದೆ. ಖಿನ್ನತೆ ವಾರಗಳ ಮೇಲೆ ಮೆಲ್ಲಗೆ ಬರುತ್ತದೆ. ಅದರಲ್ಲಿ ಕರೆಂಟ್ ಇರುವುದಿಲ್ಲ, ಯಾವುದೂ ಬೇಡ ಅನ್ನಿಸುವುದು ಇರುತ್ತದೆ.

ಬದುಕೇ ಬೇಡ ಅನ್ನಿಸಿದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯಬೇಡಿ. ಮನೆಯವರಿಗೆ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.