ಬಿಳಿ ಫಿಲ್ಲಿಂಗ್ ಬೇಕು, ರಬ್ಬರ್ ಹಾಳೆ ಮಾತ್ರ ಬೇಡ!

ಮುಂಬೈ ಮಾಟುಂಗದ ನನ್ನ ಹಲ್ಲಿನ ಕ್ಲಿನಿಕ್ಕಿಗೆ ಬರುವ ನಮ್ಮ ಕನ್ನಡದವರು ಹುಳುಕು ದವಡೆ ಹಲ್ಲಿಗೆ ಹಲ್ಲಿನ ಬಣ್ಣದ ಫಿಲ್ಲಿಂಗೇ ಆಗಬೇಕು ಅನ್ನುತ್ತಾರೆ. ಸಂತೋಷ. ಆದರೆ ಹಲ್ಲಿನ ಸುತ್ತ ಬಿಗಿದು ಎಂಜಲು ತಡೆಯುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್, ಕೈಗೆತ್ತಿಕೊಂಡರೆ ಸಾಕು, ಮುಖ ಹಿಂಡುತ್ತಾರೆ. "ಅದೆಲ್ಲ ಯಾಕೆ ಡಾಕ್ಟ್ರೇ, ಹತ್ತು ನಿಮಿಷದಲ್ಲಿ ತುಂಬಿಬಿಡಿ, ಲೋಕಲ್ ರೈಲು ಹಿಡೀಬೇಕು."

ಹತ್ತು ನಿಮಿಷಕ್ಕೆ ಮುಗಿಯುವ ಕೆಲಸ ಅಲ್ಲ ಇದು. ಹಳೇ ಬೆಳ್ಳಿ ಬಣ್ಣದ ಅಮಾಲ್ಗಮ್ ಫಿಲ್ಲಿಂಗನ್ನು, ಹಲ್ಲಿನಲ್ಲಿ ಕೊರೆದ ಗುಳಿಯ ಆಕಾರವೇ ಹಿಡಿದಿಡುತ್ತಿತ್ತು. ಸ್ವಲ್ಪ ತೇವ ತಾಗಿದರೂ ನಡೆಯುತ್ತಿತ್ತು. ಕಾಂಪೊಸಿಟ್, ಅಂದರೆ ಈ ಬಿಳಿ ಫಿಲ್ಲಿಂಗ್, ನಿಲ್ಲುವುದು ಅಂಟಿನ ಬಲದಿಂದ. ಮೊದಲು ಫಾಸ್ಫಾರಿಕ್ ಆಸಿಡ್ ಜೆಲ್ ಹಚ್ಚಿ, ಸುಮಾರು 15 ಸೆಕೆಂಡ್ ಬಿಟ್ಟು ತೊಳೆಯುತ್ತೇವೆ. ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ ಮೇಲೆ ಕಣ್ಣಿಗೆ ಕಾಣದ ತೂತುಗಳು ಬೀಳುತ್ತವೆ. ಗಾಳಿ ಊದಿದರೆ ಆ ಜಾಗ ಹೊಳಪು ಕಳೆದು ಮಂಕು ಬಿಳಿಯಾಗುತ್ತದೆ. ಅಂಟು ಆ ತೂತಿನೊಳಗೆ ಇಳಿದು ಗಟ್ಟಿಯಾಗಬೇಕು. ಅಷ್ಟರಲ್ಲಿ ನಾಲಿಗೆ ಒಮ್ಮೆ ಹೊರಳಿ ಎಂಜಲು ತಾಗಿತೋ, ಕೆಲಸ ಕೆಟ್ಟಿತು. ಮಳೆಗಾಲದಲ್ಲಿ ಸೋರುವ ಗೋಡೆಗೆ ಯಾರಾದರೂ ಪೇಂಟ್ ಹೊಡೆಸುತ್ತಾರಾ?

ಕಷ್ಟ ಏನೆಂದರೆ, ಕೆಟ್ಟದ್ದು ಅವತ್ತೇ ಗೊತ್ತಾಗುವುದಿಲ್ಲ. ನೋಡಲು ಚೆಂದವಾಗಿಯೇ ಇರುತ್ತದೆ. ಆಮೇಲೆ ಅಂಚಿನ ಸಂದಿಯಲ್ಲಿ, ಅದರಲ್ಲೂ ಎರಡು ಹಲ್ಲುಗಳ ನಡುವೆ ವಸಡಿನ ಹತ್ತಿರ, ಮತ್ತೆ ಹುಳುಕು ಶುರುವಾಗುತ್ತದೆ. ನೋವು ಬರುವಷ್ಟರಲ್ಲಿ ರೂಟ್ ಕೆನಾಲ್ ಮಾತು ಬಂದಿರುತ್ತದೆ.

ಇನ್ನು, ಕಾಂಪೊಸಿಟ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಅದಕ್ಕೇ ಮಾಮೂಲಿ ಕಾಂಪೊಸಿಟ್ಟನ್ನು 2 ಮಿಲಿಮೀಟರಿಗಿಂತ ದಪ್ಪ ಇಡದೆ, ಪದರ ಪದರವಾಗಿ ತುಂಬಿ, ಪ್ರತಿ ಸಲ ನೀಲಿ ಬೆಳಕು ಹಿಡಿಯುತ್ತೇವೆ. ಅಷ್ಟೂ ಹೊತ್ತು ಹಲ್ಲು ಒಣಗಿಯೇ ಇರಬೇಕು, ಅಲ್ವಾ?

ಹತ್ತಿ ಉಂಡೆ ಇಟ್ಟೂ ಮಾಡಬಹುದು, ಆಗುವುದೇ ಇಲ್ಲ ಎಂದು ಹೇಳಲಾರೆ. ಆದರೆ ಕೆಳದವಡೆಯ ಕೊನೆ ಹಲ್ಲಿನ ಸುತ್ತ ಎಂಜಲು ನಿಂತೇ ಇರುತ್ತದೆ, ನನಗೆ ಧೈರ್ಯ ಸಾಲದು. ಹುಳುಕು ವಸಡಿನ ಕೆಳಗೆ ಇಳಿದಿದ್ದರೆ ಬಿಳಿ ಫಿಲ್ಲಿಂಗಿಗೇ ಒಪ್ಪದೆ ಬೇರೆ ದಾರಿ ಹೇಳಬೇಕಾಗಬಹುದು. ಬಾಯಿ ನೋಡದೆ ಹೇಳುವ ಮಾತಲ್ಲ ಅದು.

ಕುಂದಾಪುರ ಕಡೆಯ ಹೋಟೆಲಿನವರೊಬ್ಬರು "ಉಸಿರು ಕಟ್ಟುತ್ತೆ ಮಾರಾಯ್ರೆ" ಎಂದು ಹಟ ಹಿಡಿದಿದ್ದರು. ಬೆಳಗಿನ ಜಾವ ಎದ್ದು ಇಡ್ಲಿ ಹಿಟ್ಟು ನೋಡುವ ಮನುಷ್ಯ. ಮೂಗಿನಲ್ಲಿ ಉಸಿರಾಡಿ ಎಂದು ಹೇಳಿ ಹಾಳೆ ಕಟ್ಟಿದೆ. ಎರಡನೇ ಪದರಕ್ಕೆ ಗೊರಕೆ ಶುರು! ಎಷ್ಟು ಪ್ರೀತಿ ಬಂತು ಅವರ ಮೇಲೆ.

ರಬ್ಬರ್ ಅಲರ್ಜಿ ಇದ್ದರೆ ಮೊದಲೇ ಹೇಳಿ, ಲೇಟೆಕ್ಸ್ ಇಲ್ಲದ ಹಾಳೆಯೂ ಇದೆ. ನೆಗಡಿಯಾಗಿ ಮೂಗು ಕಟ್ಟಿದ್ದರೆ ಫೋನ್ ಮಾಡಿ, ಬೇರೆ ದಿನ ಕೊಡುತ್ತೇನೆ.