ಗ್ರಾಫಿಕ್ಸ್ ಕಾರ್ಡ್: ಕಾಯುವವರ ಗಣಿತ

1999ರ ಡಿಸೆಂಬರಿನಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಕೆಲವು ಖಗೋಳ ಸಂಶೋಧಕರು ಒಂದು ಪುಟ್ಟ ಪ್ರಬಂಧ ಹೊರತಂದರು. ಕಂಪ್ಯೂಟರಿನ ವೇಗ ಹದಿನೆಂಟು ತಿಂಗಳಿಗೊಮ್ಮೆ ಇಮ್ಮಡಿಯಾಗುತ್ತಿದ್ದ ಕಾಲ ಅದು. ಅವರ ಮುಂದಿದ್ದ ಲೆಕ್ಕಗಳೋ ಆಗಿನ ಯಂತ್ರಗಳಲ್ಲಿ ವರ್ಷಗಟ್ಟಲೆ ಓಡುವಂಥವು. ಇವತ್ತೇ ಯಂತ್ರ ಕೊಂಡು ಶುರು ಮಾಡುವುದೋ, ಕೆಲವು ತಿಂಗಳು ಸುಮ್ಮನಿದ್ದು ಆಮೇಲೆ ಬರುವ ವೇಗದ ಯಂತ್ರದಲ್ಲಿ ಶುರು ಮಾಡುವುದೋ? ಯಾವುದು ಮೊದಲು ಮುಗಿಯುತ್ತದೆ?

ಉತ್ತರವಾಗಿ ಬಂದದ್ದು ಒಂದೇ ಒಂದು ಸಂಖ್ಯೆ: 26 ತಿಂಗಳು. ಲೆಕ್ಕ ಅದಕ್ಕಿಂತ ಚಿಕ್ಕದಾದರೆ ಇವತ್ತೇ ಶುರು ಮಾಡಿ. ದೊಡ್ಡದಾದರೆ ಕಾಯುವುದೇ ಲಾಭ.

ಶಿರಸಿಯಲ್ಲಿ ಕಂಪ್ಯೂಟರ್ ಗೊತ್ತಿದೆ ಎನ್ನಿಸಿಕೊಂಡ ಯಾರನ್ನೇ ಆಗಲಿ ಹುಡುಗರು ನಿಲ್ಲಿಸಿ ಕೇಳುವ ಪ್ರಶ್ನೆಗೂ ಬುಡ ಇಲ್ಲೇ ಇದೆ. ‘ಭಾವಾ, ಗ್ರಾಫಿಕ್ಸ್ ಕಾರ್ಡ್ ಈಗ ತಗಂಡ್ರೆ ಅಡ್ಡಿಲ್ಯಾ, ಕಾಯವಾ?’ ಗ್ರಾಫಿಕ್ಸ್ ಕಾರ್ಡ್ ಅಂದರೆ ಚಿತ್ರ, ವಿಡಿಯೋಗಳಂಥ ಭಾರೀ ಲೆಕ್ಕಗಳನ್ನು ವೇಗವಾಗಿ ಮಾಡಲು ಕಂಪ್ಯೂಟರಿಗೆ ಹಾಕುವ ಬಿಡಿಭಾಗ. ಕೇಳುವವರಲ್ಲಿ ಗೇಮ್ ಆಡುವವರಿದ್ದಾರೆ, ರಾತ್ರಿಯಿಡೀ ಯಕ್ಷಗಾನದ ವಿಡಿಯೋ ಎಡಿಟ್ ಮಾಡುವವರಿದ್ದಾರೆ, ಮನೆಯಲ್ಲೇ ಎಐ ಮಾದರಿ ಓಡಿಸಿ ನೋಡುವ ಆಸೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳಿದ್ದಾರೆ. ಎಲ್ಲರಿಗೂ ಸಿಗುವ ಉತ್ತರ ಒಂದೇ: ‘ಹೊಸದು ಬರ್ತದೆ, ಹಳೇದರ ರೇಟು ಇಳೀತದೆ, ಕಾಯಿ.’ ಇದು ಒಂದು ಕಾಲಕ್ಕೆ ನಿಜವಾಗಿತ್ತು. ಈಗ ನಿಜವಲ್ಲ. ಯಾಕೆ ಅಲ್ಲ ಎಂಬುದನ್ನು ಆ 26 ತಿಂಗಳ ಲೆಕ್ಕವೇ ಬಿಡಿಸಿ ಹೇಳುತ್ತದೆ.

26 ತಿಂಗಳೆಂದರೆ ಸುಮಾರು 790 ದಿನ. ಹದಿನೆಂಟು ತಿಂಗಳಿಗೆ ಇಮ್ಮಡಿ ಎಂಬ ಓಟದಲ್ಲಿ ಯಂತ್ರಗಳು ದಿನಕ್ಕೆ ಎಷ್ಟು ಸುಧಾರಿಸುತ್ತವೆ ಎಂದು ನೋಡಿದರೆ 790ರಲ್ಲಿ ಒಂದು ಪಾಲು. ಈಗ ನಿಮ್ಮ ಕೆಲಸ ಸರಿಯಾಗಿ 790 ದಿನದ್ದು ಅಂದುಕೊಳ್ಳಿ. ಒಂದು ದಿನ ಕಾದರೆ ಒಂದು ದಿನ ಹೋಯಿತು. ಆದರೆ ನಾಳೆಯ ಯಂತ್ರ 790ರಲ್ಲಿ ಒಂದು ಪಾಲು ವೇಗ ಹೆಚ್ಚಿಸಿಕೊಂಡಿರುವುದರಿಂದ ಕೆಲಸದಲ್ಲೂ ಒಂದು ದಿನ ಉಳಿಯಿತು. ಹೋದದ್ದು ಒಂದು, ಬಂದದ್ದು ಒಂದು, ಲೆಕ್ಕ ಸಮ. ಕೆಲಸ ನೂರೇ ದಿನದ್ದಾಗಿದ್ದರೆ? ಒಂದು ದಿನ ಕಾದದ್ದಕ್ಕೆ ಉಳಿಯುವುದು ಮೂರು ತಾಸು. ಇಪ್ಪತ್ತನಾಲ್ಕು ತಾಸು ಕೊಟ್ಟು ಮೂರು ತಾಸು ಪಡೆಯುವ ವ್ಯಾಪಾರವನ್ನು ಯಾರೂ ಮಾಡುವುದಿಲ್ಲ. ಕೆಲಸ ಹತ್ತು ವರ್ಷದ್ದಾದರೆ ಮಾತ್ರ ಚಿತ್ರವೇ ಬೇರೆ: ಮೂರು ವರ್ಷ ನಾಲ್ಕು ತಿಂಗಳು ಕೈಕಟ್ಟಿ ಕುಳಿತು, ಆಮೇಲೆ ಯಂತ್ರ ಕೊಂಡರೂ ಒಟ್ಟು ಐದೂವರೆ ವರ್ಷಕ್ಕೆ ಮುಗಿದುಹೋಗುತ್ತದೆ. ಈ ಲೆಕ್ಕದಲ್ಲಿ ನನಗೆ ಅತ್ಯಂತ ಇಷ್ಟವಾದ ಸಂಗತಿ ಇನ್ನೊಂದಿದೆ. ಕೆಲಸ ಎಷ್ಟೇ ದೊಡ್ಡದಿರಲಿ, ಸರಿಯಾದ ದಿನದವರೆಗೆ ಕಾದು ಶುರು ಮಾಡಿದರೆ ಆಮೇಲೆ ಉಳಿಯುವ ಕೆಲಸ ಯಾವಾಗಲೂ 26 ತಿಂಗಳದ್ದೇ. ಇಪ್ಪತ್ತು ವರ್ಷದ ಲೆಕ್ಕವಿರಲಿ, ಇನ್ನೂರು ವರ್ಷದ್ದಿರಲಿ, ಕಾಯುವ ಅವಧಿ ಮಾತ್ರ ಹಿಗ್ಗುತ್ತದೆ.

ಸುಧಾರಣೆಯ ಓಟ ನಿಧಾನವಾದಷ್ಟೂ ಆ 26 ತಿಂಗಳ ಗಡಿರೇಖೆ ದೂರ ಸರಿಯುತ್ತದೆ ಎಂಬುದನ್ನು ಗಮನಿಸಬೇಕು. ಹಾಗಾದರೆ ಇವತ್ತಿನ ಓಟ ಎಷ್ಟು? ನಮ್ಮಲ್ಲಿ ಹೆಚ್ಚಿನವರು ಕೊಳ್ಳುವ ವರ್ಗದ ಕಾರ್ಡುಗಳನ್ನೇ ನೋಡೋಣ. ಚಿಪ್ ಕಂಪನಿ ಎನ್ವಿಡಿಯಾದ ಆರ್‌ಟಿಎಕ್ಸ್ 3060 ಬಂದದ್ದು 2021ರ ಫೆಬ್ರವರಿಯಲ್ಲಿ, ಘೋಷಿತ ಬೆಲೆ 329 ಡಾಲರ್. 2023ರ ಜೂನಿನಲ್ಲಿ 4060, 299 ಡಾಲರ್. 2025ರ ಮೇ ತಿಂಗಳಲ್ಲಿ 5060, ಅದೂ 299 ಡಾಲರ್. ಒಂದೊಂದು ಪೀಳಿಗೆಯೂ ಹಿಂದಿನದಕ್ಕಿಂತ ಶೇಕಡಾ 20ರ ಆಸುಪಾಸು ವೇಗ. ಅಂದರೆ ನಾಲ್ಕೂಕಾಲು ವರ್ಷಕ್ಕೆ ಒಟ್ಟು ಶೇಕಡಾ 44. ಬೆಲೆ ಇಳಿಯಿತಲ್ಲ ಎನ್ನಬೇಡಿ. 2021ರ ಆರಂಭದಲ್ಲಿ ಡಾಲರಿಗೆ ಸುಮಾರು 73 ರೂಪಾಯಿ ಇತ್ತು, 2025ರ ಮೇ ಹೊತ್ತಿಗೆ ಸುಮಾರು 85. ತೆರಿಗೆ ಬಿಟ್ಟು ಲೆಕ್ಕ ಹಾಕಿದರೆ 2021ರಲ್ಲಿ 24,000, 2025ರಲ್ಲಿ 25,400. ನಮ್ಮ ಕೈಯಿಂದ ಹೋಗುವ ರೂಪಾಯಿಯಲ್ಲಿ ಒಂದು ಪೈಸೆಯೂ ಇಳಿದಿಲ್ಲ. ಇದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ. ಮೆಮೊರಿಯಂತೂ 12 ಜಿಬಿಯಿಂದ 8 ಜಿಬಿಗೆ ಇಳಿದುಹೋಯಿತು.

ಈ ಓಟದಲ್ಲಿ ವೇಗ ಇಮ್ಮಡಿಯಾಗಲು ಎಂಟು ವರ್ಷ ಬೇಕು. ಅರಿಜೋನಾದವರ ಲೆಕ್ಕಕ್ಕೆ ಇದನ್ನು ಹಾಕಿದರೆ ಗಡಿರೇಖೆ 26 ತಿಂಗಳಿಂದ ಹನ್ನೊಂದೂವರೆ ವರ್ಷಕ್ಕೆ ಹೋಗಿ ನಿಲ್ಲುತ್ತದೆ. ಒಂದು ದಿನ ಕಾದರೆ ಸಿಗುವುದು 4,200ರಲ್ಲಿ ಒಂದು ಪಾಲು. ಹನ್ನೊಂದೂವರೆ ವರ್ಷ ಎಡೆಬಿಡದೆ ಓಡುವ ಕೆಲಸ ನಿಮ್ಮಲ್ಲಿದ್ದರೆ ಕಾಯಿರಿ. ಇಂಥ ಕೆಲಸ ಶಿರಸಿಯಲ್ಲಾಗಲಿ ಕಾರವಾರದಲ್ಲಾಗಲಿ ಯಾರ ಮನೆಯಲ್ಲೂ ಇರಲಿಕ್ಕಿಲ್ಲ.

ಓಟ ಯಾಕೆ ಇಷ್ಟು ನಿಧಾನವಾಯಿತು? 1965ರಲ್ಲಿ, ಮುಂದೆ ಇಂಟೆಲ್ ಕಂಪನಿ ಕಟ್ಟಿದವರಲ್ಲೊಬ್ಬರಾದ ಗಾರ್ಡನ್ ಮೂರ್ ಚಿಪ್ಪಿನೊಳಗಿನ ಬಿಡಿಭಾಗಗಳ ಸಂಖ್ಯೆ ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ ಎಂದರು, 1975ರಲ್ಲಿ ಅದನ್ನು ಎರಡು ವರ್ಷಕ್ಕೊಮ್ಮೆ ಎಂದು ತಿದ್ದಿದರು. ಎಲ್ಲರೂ ಮೂರ್ ಹೆಸರು ಹೇಳುತ್ತಾರೆ. ಹೇಳಬೇಕಾದ ಇನ್ನೊಂದು ಹೆಸರು ಐಬಿಎಂನ ರಾಬರ್ಟ್ ಡೆನಾರ್ಡ್. ಚಿಪ್ಪಿನೊಳಗಿನ ಪುಟ್ಟ ಸ್ವಿಚ್ಚಾದ ಟ್ರಾನ್ಸಿಸ್ಟರನ್ನು ಚಿಕ್ಕದು ಮಾಡಿದಷ್ಟೇ ಪ್ರಮಾಣದಲ್ಲಿ ಅದಕ್ಕೆ ಬೇಕಾದ ವೋಲ್ಟೇಜೂ ಕರೆಂಟೂ ತಗ್ಗುತ್ತವೆ, ಹಾಗಾಗಿ ಅಷ್ಟೇ ಜಾಗದಲ್ಲಿ ಹೆಚ್ಚು ಟ್ರಾನ್ಸಿಸ್ಟರ್ ತುಂಬಿದರೂ ಬಿಸಿ ಹೆಚ್ಚುವುದಿಲ್ಲ ಎಂದು 1974ರಲ್ಲಿ ತೋರಿಸಿಕೊಟ್ಟವರು ಅವರು. ಮೂವತ್ತು ವರ್ಷ ಕಂಪ್ಯೂಟರ್ ಉದ್ಯಮ ಈ ಸೂತ್ರದ ಮೇಲೆ ಓಡಿತು. ಬಳಿಕ ಟ್ರಾನ್ಸಿಸ್ಟರ್ ಎಷ್ಟು ಚಿಕ್ಕದಾಯಿತೆಂದರೆ, ಆಫ್ ಮಾಡಿದರೂ ಅದರಿಂದ ಕರೆಂಟು ಸೋರತೊಡಗಿತು. ವೋಲ್ಟೇಜನ್ನು ಇನ್ನೂ ತಗ್ಗಿಸಿದರೆ ಆನ್ ಯಾವುದು, ಆಫ್ ಯಾವುದು ಎಂಬ ವ್ಯತ್ಯಾಸವೇ ಮಸುಕಾಗುತ್ತದೆ. ಹೀಗಾಗಿ 2005–06ರ ಹೊತ್ತಿಗೆ ವೋಲ್ಟೇಜು ಒಂದು ವೋಲ್ಟಿನ ಆಸುಪಾಸಿಗೆ ಬಂದು ನಿಂತುಬಿಟ್ಟಿತು. ಅಂದಿನಿಂದ ಹೆಚ್ಚು ಟ್ರಾನ್ಸಿಸ್ಟರ್ ಎಂದರೆ ಹೆಚ್ಚು ಬಿಸಿ.

ಪರಿಣಾಮ ಕಣ್ಣಿಗೆ ಕಾಣುತ್ತದೆ. 2022ರ ಆರ್‌ಟಿಎಕ್ಸ್ 4090 ಮತ್ತು 2025ರ 5090 ಎರಡೂ ತೈವಾನಿನ ಚಿಪ್ ತಯಾರಿಕಾ ಕಂಪನಿ ಟಿಎಸ್‌ಎಂಸಿಯಲ್ಲಿ ಹೆಚ್ಚುಕಡಿಮೆ ಒಂದೇ ಪೀಳಿಗೆಯ ವಿಧಾನದಲ್ಲಿ ತಯಾರಾದವು. ಚಿಪ್ಪಿನ ವಿಸ್ತೀರ್ಣ ಸುಮಾರು 610 ಚದರ ಮಿಲಿಮೀಟರಿನಿಂದ 750ಕ್ಕೆ ಏರಿತು. ವಿದ್ಯುತ್ 450 ವ್ಯಾಟಿನಿಂದ 575ಕ್ಕೆ ಹೋಯಿತು, ಘೋಷಿತ ಬೆಲೆ 1,599 ಡಾಲರಿನಿಂದ 1,999ಕ್ಕೆ. ವೇಗ ಹೆಚ್ಚಿದ್ದು ಕಾಲು ಭಾಗಕ್ಕಿಂತ ತುಸು ಜಾಸ್ತಿ. ಕಾಲು ಭಾಗ ಹೆಚ್ಚು ಸಿಲಿಕಾನ್, ಕಾಲು ಭಾಗ ಹೆಚ್ಚು ಕರೆಂಟು, ಕಾಲು ಭಾಗ ಹೆಚ್ಚು ದುಡ್ಡು! ಹಿಗ್ಗಿಸುವುದಕ್ಕೂ ಮಿತಿಯಿದೆ. ಚಿಪ್ಪಿನ ನಕಾಶೆಯನ್ನು ಬೆಳಕಿನಿಂದ ಅಚ್ಚೊತ್ತುವ ಯಂತ್ರ ಒಂದು ಸಲಕ್ಕೆ ಮೂಡಿಸಬಲ್ಲ ಗರಿಷ್ಠ ವಿಸ್ತೀರ್ಣ 26 ಮಿಲಿಮೀಟರ್ ಅಗಲ, 33 ಮಿಲಿಮೀಟರ್ ಉದ್ದ, ಅಂದರೆ 858 ಚದರ ಮಿಲಿಮೀಟರ್.

ನಮ್ಮ ಸೀಮೆಯವರಿಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ. ಚಾಲಿ ಅಡಿಕೆಯನ್ನು ಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟು, ದಿನಾ ಟೆಂಡರ್ ರೇಟು ನೋಡುತ್ತ, ‘ಇನ್ನೊಂದು ತಿಂಗಳು ನೋಡ್ವ’ ಎನ್ನುವ ಬುದ್ಧಿ ರಕ್ತದಲ್ಲೇ ಇದೆ. ಅದು ಒಳ್ಳೆಯ ಬುದ್ಧಿಯೇ. ಆದರೆ ಮಾರುವವನು ಕಾಯುವಾಗ ಮಾಲು ಅವನ ಮನೆಯಲ್ಲೇ ಇರುತ್ತದೆ. ಕೊಳ್ಳುವವನು ಕಾಯುವಾಗ ಅವನ ಹತ್ತಿರ ಏನೂ ಇರುವುದಿಲ್ಲ, ಆ ತಿಂಗಳುಗಳ ಬಳಕೆ ಹೋದದ್ದು ಹೋದಂತೆಯೇ. ಅಡಿಕೆಯ ಬುದ್ಧಿಯನ್ನು ಕಾರ್ಡಿಗೆ ಹಚ್ಚಿದರೆ ಲೆಕ್ಕ ತಲೆಕೆಳಗಾಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಆಷಾಢದಲ್ಲಿ ಯಂತ್ರ ಮನೆಗೆ ತರಬಾರದು ಎನ್ನುವವರು ಇವತ್ತಿಗೂ ಇದ್ದಾರೆ. ಘಟ್ಟದ ದಾರಿ ಕಟ್ಟಿಹೋಗುತ್ತಿದ್ದ, ಎಲ್ಲರೂ ಗದ್ದೆಯಲ್ಲಿರುತ್ತಿದ್ದ ಕಾಲಕ್ಕೆ ಆಷಾಢದಲ್ಲಿ ಪೇಟೆ ವ್ಯವಹಾರ ಬೇಡ ಎಂದದ್ದರಲ್ಲಿ ಒಂದು ಅರ್ಥವಿತ್ತು, ಎಲೆಕ್ಟ್ರಾನಿಗೆ ಆಷಾಢವೂ ಇಲ್ಲ ಶ್ರಾವಣವೂ ಇಲ್ಲ. ಆದರೆ ಇದಕ್ಕಿಂತ ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಪಂಚಾಂಗವನ್ನು ಕಂಡು ನಗುವ ಹುಡುಗರು ಯೂಟ್ಯೂಬಿನ ಭವಿಷ್ಯವಾಣಿಯನ್ನು ಕಣ್ಣುಮುಚ್ಚಿ ನಂಬುವುದು. ಯಾರೋ ಒಬ್ಬರು ‘ಮುಂದಿನ ಪೀಳಿಗೆ ಇಂಥ ತಿಂಗಳು, ಇಷ್ಟು ವೇಗ, ಇಷ್ಟು ಬೆಲೆ’ ಎಂದು ಸೋರಿಕೆ ಸುದ್ದಿ ಹೇಳುತ್ತಾರೆ. ತಪ್ಪಾದರೆ ಯಾರೂ ಕೇಳುವುದಿಲ್ಲ, ಮುಂದಿನ ವಾರ ಹೊಸ ತಾರೀಕು ಬರುತ್ತದೆ. ಆಧಾರ ಕೇಳದೆ ನಂಬುವುದು ಎರಡೂ ಕಡೆ ಒಂದೇ.

ಬೆಲೆ ದಿಢೀರನೆ ಏರಿಳಿಯುವುದು ನಿಜ. 2021ರಲ್ಲಿ 3060 ಘೋಷಿತ ಬೆಲೆಗೆ ಸಿಗುವುದೇ ಕಷ್ಟವಾಗಿತ್ತು. ಒಂದು ಕಡೆ ಕೋವಿಡ್ ಕಾಲದ ಚಿಪ್ ಕೊರತೆ, ಇನ್ನೊಂದು ಕಡೆ ಈಥೀರಿಯಂ ಎಂಬ ಡಿಜಿಟಲ್ ನಾಣ್ಯ ಗಳಿಸಲು ರಾಶಿಗಟ್ಟಲೆ ಕಾರ್ಡ್ ಕೊಳ್ಳುವವರು. 2022ರ ಸೆಪ್ಟೆಂಬರ್ 15ರಂದು ಈಥೀರಿಯಂ ತನ್ನ ವಿಧಾನವನ್ನೇ ಬದಲಿಸಿ ಕಾರ್ಡುಗಳ ಅಗತ್ಯವನ್ನು ತೆಗೆದುಹಾಕಿತು. ಆ ವರ್ಷ ಬೆಲೆಗಳು ಕುಸಿದವು. ಆಗ ಕಾದವರಿಗೆ ಲಾಭವಾಯಿತು. 2025ರ ಕೊನೆಯಲ್ಲಿ ಗಾಳಿ ತಿರುಗಿತು. ಎಐ ಡೇಟಾ ಕೇಂದ್ರಗಳಿಗೆ ಬೇಕಾದ ಎಚ್‌ಬಿಎಂ ಎಂಬ ವಿಶೇಷ ಮೆಮೊರಿಯೂ, ನಮ್ಮ ಕಾರ್ಡಿನ ಜಿಡಿಡಿಆರ್ ಮೆಮೊರಿಯೂ, ಕಂಪ್ಯೂಟರಿನ ರ‍್ಯಾಮೂ ಮೂಲತಃ ಒಂದೇ ಬಗೆಯ ಮೆಮೊರಿ, ಡಿರ‍್ಯಾಮ್. ಅದರ ಬಹುಪಾಲನ್ನು ಮಾಡುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರು. ಅವರು ಎಚ್‌ಬಿಎಂ ಕಡೆ ವಾಲಿದಷ್ಟೂ ಉಳಿದದ್ದು ತುಟ್ಟಿ. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ಜನಸಾಮಾನ್ಯರಿಗೆ ಮಾರುತ್ತಿದ್ದ ಕ್ರೂಶಿಯಲ್ ಹೆಸರಿನ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಘೋಷಿಸಿತು. ರೂಪಾಯಿಯೂ ಡಾಲರಿಗೆ 90 ದಾಟಿತು. ಅಂದಹಾಗೆ, ಒಂದೇ ಟ್ರಾನ್ಸಿಸ್ಟರಿನ ಡಿರ‍್ಯಾಮ್ ಕೋಶವನ್ನು ಕಂಡುಹಿಡಿದು 1968ರಲ್ಲಿ ಪೇಟೆಂಟ್ ಪಡೆದವರೂ ಅದೇ ಡೆನಾರ್ಡ್. ನಿಧಾನವಾದ ಓಟ, ತುಟ್ಟಿಯಾದ ಮೆಮೊರಿ ಎಂಬ ನಮ್ಮ ಪ್ರಶ್ನೆಯ ಎರಡು ತುದಿಗಳೂ ಒಬ್ಬನೇ ಮನುಷ್ಯನ ತಲೆಗೆ ಹೋಗಿ ಮುಟ್ಟುತ್ತವೆ ಎಂಬುದು ನನಗೆ ಇವತ್ತಿಗೂ ರೋಮಾಂಚನ.

ಆದ್ದರಿಂದ ನನ್ನ ಅಭಿಪ್ರಾಯ ನೇರವಾದದ್ದು. ಕಾರ್ಡ್ ಇಲ್ಲದೆ ನಿಮ್ಮ ಕೆಲಸ ನಿಂತಿದ್ದರೆ ಕೊಳ್ಳಿ. ಇರುವ ಕಾರ್ಡಿನಲ್ಲಿ ಕೆಲಸ ನಡೆಯುತ್ತಿದ್ದರೆ ಕಾಯುವುದಕ್ಕೆ ಖರ್ಚೇ ಇಲ್ಲ, ಸುಮ್ಮನಿರಿ. ಹೊಸ ಪೀಳಿಗೆ ಯಾವಾಗ ಬರುತ್ತದೆ ಎಂಬುದು ಇದರಲ್ಲಿ ಎಲ್ಲೂ ಬರುವುದಿಲ್ಲ.

ಯೋಚಿಸಬೇಕಾದದ್ದು ಮೆಮೊರಿಯ ಗಾತ್ರದ ಬಗ್ಗೆ. 5060 ಕಾರ್ಡಿನೊಳಗೆ ಚಿಪ್ಪಿಗೂ ಮೆಮೊರಿಗೂ ನಡುವೆ ಸೆಕೆಂಡಿಗೆ 448 ಜಿಬಿ ಹರಿಯುತ್ತದೆ. ಅದರ 8 ಜಿಬಿ ತುಂಬಿ ಹೊರಚೆಲ್ಲಿದರೆ ಉಳಿದದ್ದನ್ನು ಮದರ್‌ಬೋರ್ಡಿನ ಸ್ಲಾಟ್ ಮೂಲಕ ರ‍್ಯಾಮಿನಿಂದ ತರಬೇಕು. ಈ ಕಾರ್ಡ್ ಸ್ಲಾಟಿನ ಎಂಟು ಹಾದಿಗಳನ್ನು ಮಾತ್ರ ಬಳಸುತ್ತದೆ. ನಿಮ್ಮದು ಪಿಸಿಐ ಎಕ್ಸ್‌ಪ್ರೆಸ್ 3.0 ಎಂಬ ಹಿಂದಿನ ಪೀಳಿಗೆಯ ಸ್ಲಾಟ್ ಇರುವ ಹಳೆಯ ಬೋರ್ಡಾದರೆ ಅಲ್ಲಿ ಹರಿಯುವುದು ಸೆಕೆಂಡಿಗೆ ಸುಮಾರು 8 ಜಿಬಿ, ಅಂದರೆ 56 ಪಟ್ಟು ನಿಧಾನ. ಎಐ ಮಾದರಿಯಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ, ಏಕೆಂದರೆ ಉತ್ತರದ ಒಂದೊಂದು ತುಣುಕು (ಪದ ಅಥವಾ ಪದದ ಚೂರು) ಹೊರಬರಲೂ ಮಾದರಿಯ ಎಲ್ಲ ಸಂಖ್ಯೆಗಳನ್ನು ಒಮ್ಮೆ ಓದಬೇಕು. 700 ಕೋಟಿ ಸಂಖ್ಯೆಗಳ ಮಾದರಿಯಲ್ಲಿ ಒಂದೊಂದು ಸಂಖ್ಯೆಯನ್ನೂ ನಾಲ್ಕು ಬಿಟ್ಟಿಗೆ ಕುಗ್ಗಿಸಿದರೆ ಸುಮಾರು 4 ಜಿಬಿ, ಕಾರ್ಡಿನಲ್ಲೇ ಕೂರುತ್ತದೆ, ಸೆಕೆಂಡಿಗೆ ನೂರರ ಆಸುಪಾಸು ತುಣುಕು ಸಾಧ್ಯ. ಹದಿನಾರು ಬಿಟ್ಟಿನಲ್ಲೇ ಓಡಿಸಿದರೆ 14 ಜಿಬಿ, ಕೂರುವುದಿಲ್ಲ, ತೆವಳುತ್ತದೆ. ಕನ್ನಡದಲ್ಲಿ ಇದು ಇನ್ನೂ ಬಾಧಿಸುತ್ತದೆ. ಹೆಚ್ಚಾಗಿ ಇಂಗ್ಲಿಷ್ ಉಣಿಸಿ ಬೆಳೆಸಿದ ಮಾದರಿಗಳು ನಮ್ಮ ಒಂದು ಪದವನ್ನು ಹಲವು ತುಣುಕುಗಳಾಗಿ ಒಡೆಯುವುದರಿಂದ ಅಷ್ಟೇ ಉತ್ತರಕ್ಕೆ ಹೆಚ್ಚು ಓದು ಬೇಕಾಗುತ್ತದೆ. ಹಾಗಾಗಿ ಎಐಗೆ ಕೊಳ್ಳುವವರು ಹೊಸ 8 ಜಿಬಿ ಕಾರ್ಡಿಗಿಂತ ಹಳೆಯ 12 ಜಿಬಿಯ 3060ಯನ್ನೇ ನೋಡಲಿ, ಕೈ ಚಾಚಿದರೆ 16 ಜಿಬಿಯ 5060 ಟಿಐ.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕಾರವಾರ, ಅಂಕೋಲಾ, ಕುಮಟಾ ಕಡೆ ಓಡಿದ ಕಾರ್ಡನ್ನು ಒಮ್ಮೆ ತಿರುಗಿಸಿ ನೋಡಿ. ಉಪ್ಪಿನ ಕಣ ಶೇಕಡಾ 75 ಆರ್ದ್ರತೆ ದಾಟಿದೊಡನೆ ಗಾಳಿಯ ನೀರನ್ನೇ ಹೀರಿ ಕರಗುತ್ತದೆ, ಕರಾವಳಿಯ ಮಳೆಗಾಲದಲ್ಲಿ ಗಾಳಿ ಆ ಮಿತಿಯ ಮೇಲೇ ಇರುತ್ತದೆ. ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಅಂಚಿನಲ್ಲಿ ಎಲ್ಲಾದರೂ ಹಸಿರು ಕಂಡರೆ, ಲೇಪದಡಿಯ ತಾಮ್ರಕ್ಕೆ ಉಪ್ಪುನೀರು ತಲುಪಿದೆ ಎಂದರ್ಥ. ಅಂಥದ್ದನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಫ್ಯಾನ್ ಸದ್ದು ಮಾಡಿದರೆ ಹೆದರಬೇಕಿಲ್ಲ, ಅದನ್ನು ಬದಲಿಸಬಹುದು.